ಹೊಟ್ಟೆಗೆ ಗಾಳಿ ತುಂಬುವ ಮುನ್ನ: ಲ್ಯಾಪ್ರೋಸ್ಕೋಪಿ ರೋಗಿಗೆ ಉಸಿರಿನ ಸಾಧನ ಆರಿಸುವ ಬಗೆ

ಪಿತ್ತಕೋಶದ ಹರಳಿಗೂ ಅಪೆಂಡಿಕ್ಸಿಗೂ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವ ಕಾಲ ನಮ್ಮ ಭಾಗದಲ್ಲಿ ಬಹುಮಟ್ಟಿಗೆ ಹಿಂದೆ ಸರಿದಿದೆ. ಡಾ. ತೆಹೆಮ್ಟನ್ ಉದ್ವಾಡಿಯಾ ಅವರು 1990ರಲ್ಲಿ ಮುಂಬಯಿಯಲ್ಲಿ ಭಾರತದ ಮೊದಲ ಲ್ಯಾಪ್ರೋಸ್ಕೋಪಿಕ್ (ಹೊಟ್ಟೆಗೆ ಅನಿಲ ತುಂಬಿ, ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ ಮಾಡುವ) ಪಿತ್ತಕೋಶ ಶಸ್ತ್ರಚಿಕಿತ್ಸೆ ಮಾಡಿದಾಗ ದೊಡ್ಡ ನಗರದ ಅಚ್ಚರಿಯಾಗಿದ್ದ ಈ ವಿಧಾನ ಇಂದು ಹುಬ್ಬಳ್ಳಿ-ಧಾರವಾಡದ ಬೋಧನಾ ಆಸ್ಪತ್ರೆಗಳಲ್ಲಿ ಮಾತ್ರವಲ್ಲ, ಗದಗ, ಹಾವೇರಿ, ರಾಣೆಬೆನ್ನೂರಿನ ನರ್ಸಿಂಗ್ ಹೋಮ್‌ಗಳಲ್ಲೂ ದಿನನಿತ್ಯದ ಕೆಲಸವಾಗಿದೆ. ಅಲ್ಲಿಗೆ ಒಬ್ಬರೇ ಹೋಗಿ ಅರಿವಳಿಕೆ ಕೊಡುವ ಕಿರಿಯ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೋಧನಾ ಆಸ್ಪತ್ರೆಯಲ್ಲಿ ಕೈ ಸೋತರೆ ಪಕ್ಕದ ಶಸ್ತ್ರಚಿಕಿತ್ಸಾ ಕೊಠಡಿಯಿಂದ (ಓ.ಟಿ.) ಹಿರಿಯರು ಓಡಿ ಬರುತ್ತಾರೆ. ಇಲ್ಲಿ ಓಡಿ ಬರುವವರು ಯಾರೂ ಇರುವುದಿಲ್ಲವಾದ್ದರಿಂದ ಆಯ್ಕೆಯನ್ನು ಮೊದಲೇ ಸರಿಯಾಗಿ ಮಾಡಬೇಕಾಗುತ್ತದೆ.

ಶ್ವಾಸನಾಳದೊಳಗೆ ಇಳಿಸುವ ಎಂಡೋಟ್ರೇಕಿಯಲ್ ಟ್ಯೂಬ್ ಒಳ್ಳೆಯದೋ, ಶ್ವಾಸನಾಳಕ್ಕೆ ಇಳಿಯದೆ ಅದರ ಮೇಲೆ ಗಂಟಲಲ್ಲೇ ಕೂರುವ ಐ-ಜೆಲ್ ಅಥವಾ ಪ್ರೋಸೀಲ್ ಒಳ್ಳೆಯದೋ ಎಂದು ಸಾಧನದ ಹೆಸರು ಹಿಡಿದು ವಾದಿಸುವುದರಿಂದ ಪ್ರಯೋಜನವಿಲ್ಲ. ಈ ರೋಗಿಯ ಹೊಟ್ಟೆ ನಿಜವಾಗಿಯೂ ಖಾಲಿಯಿದೆಯೇ, ಗಾಳಿ ತುಂಬಿದ ಮೇಲೆ ಎದೆಗೆ ಎಷ್ಟು ಒತ್ತಡ ಬೇಕಾಗುತ್ತದೆ, ನಾನು ಇಟ್ಟ ಸಾಧನ ಅಷ್ಟು ಒತ್ತಡವನ್ನು ಸೋರದೆ ತಡೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಧನ ತಾನಾಗಿ ನಿರ್ಧಾರವಾಗುತ್ತದೆ. ಒಂದು ಪ್ರಶ್ನೆಗಾದರೂ ಉತ್ತರ ಅನುಮಾನದ್ದಾಗಿದ್ದರೆ ಟ್ಯೂಬನ್ನೇ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಳಿ ಏನು ಮಾಡುತ್ತದೆ

ಶಸ್ತ್ರಚಿಕಿತ್ಸಕರು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಪಾದರಸದ ಒತ್ತಡದವರೆಗೆ ತುಂಬುತ್ತಾರೆ. ನಮ್ಮ ಯಂತ್ರ ಉಸಿರಿನ ಒತ್ತಡವನ್ನು ನೀರಿನ ಸೆಂ.ಮೀ.ನಲ್ಲಿ ತೋರಿಸುವುದರಿಂದ ಎರಡನ್ನೂ ಒಂದೇ ಅಳತೆಯೆಂದು ಭಾವಿಸುವ ತಪ್ಪು ಕಿರಿಯರಲ್ಲಿ ಆಗಾಗ ಕಾಣುತ್ತದೆ. ಪಾದರಸದ 15 ಮಿ.ಮೀ. ಎಂದರೆ ನೀರಿನ ಸುಮಾರು 20 ಸೆಂ.ಮೀ. ಆಗುತ್ತದೆ. ಈ ಒತ್ತಡ ವಪೆಯನ್ನು ಮೇಲಕ್ಕೆ ದೂಡುತ್ತದೆ, ಶ್ವಾಸಕೋಶದ ತಳಭಾಗ ಕುಗ್ಗುತ್ತದೆ, ಉಸಿರಿನ ಗರಿಷ್ಠ ಒತ್ತಡ ಏರುತ್ತದೆ. ತೆಳ್ಳಗಿನ ರೋಗಿಯಲ್ಲಿ ಗಾಳಿಗೆ ಮೊದಲು ನೀರಿನ 14 ಸೆಂ.ಮೀ. ಆಸುಪಾಸಿನಲ್ಲಿದ್ದ ಉಸಿರಿನ ಒತ್ತಡ ಆಮೇಲೆ 20ರಿಂದ 24ಕ್ಕೆ ಹೋಗುವುದು ತೀರಾ ಸಾಮಾನ್ಯ. ಸ್ಥೂಲಕಾಯದವರಲ್ಲಿ, ಅದರಲ್ಲೂ ಗರ್ಭಕೋಶದ ಶಸ್ತ್ರಚಿಕಿತ್ಸೆಗಾಗಿ ತಲೆಯನ್ನು ಕಡಿದಾಗಿ ತಗ್ಗಿಸಿದಾಗ, ಅದು 30ನ್ನು ದಾಟಬಹುದು. ಇದರ ಜೊತೆಗೆ ಹೊಟ್ಟೆಯೊಳಗಿನ ಅನಿಲ ರಕ್ತಕ್ಕೆ ಸೇರುವುದರಿಂದ ಅದನ್ನು ಹೊರಹಾಕಲು ಉಸಿರಾಟದ ಪ್ರಮಾಣವನ್ನೂ ಹೆಚ್ಚಿಸಬೇಕಾಗುತ್ತದೆ. ಹೆಚ್ಚಿನ ಒತ್ತಡ, ಹೆಚ್ಚಿನ ಉಸಿರು, ಒತ್ತಿಹೋದ ಜಠರ ಎಂಬ ಈ ಮೂರೂ ಒಂದೇ ಹೊತ್ತಿಗೆ ಬರುವುದೇ ಈ ಶಸ್ತ್ರಚಿಕಿತ್ಸೆಯ ವಿಶೇಷ ಕಷ್ಟ.

ಹೊಟ್ಟೆಯ ವಿಚಾರಣೆ

ಉಪವಾಸದ ನಿಯಮ ಎಲ್ಲರಿಗೂ ಗೊತ್ತಿದೆ: ತಿಳಿ ದ್ರವಕ್ಕೆ 2 ತಾಸು, ಹಗುರ ಆಹಾರಕ್ಕೂ ಹಾಲಿಗೂ 6 ತಾಸು, ಎಣ್ಣೆ-ತುಪ್ಪದ ಊಟಕ್ಕೂ ಮಾಂಸಕ್ಕೂ 8 ತಾಸು. ಎಡವುವುದು ಕೇಳುವ ರೀತಿಯಲ್ಲಿ. ನಮ್ಮ ಕಡೆ ಚಹಾವನ್ನು ಯಾರೂ ಆಹಾರವೆಂದು ಎಣಿಸುವುದಿಲ್ಲ. ಹಲವು ವರ್ಷಗಳ ಹಿಂದೆ ಒಂದು ನರ್ಸಿಂಗ್ ಹೋಮಿನಲ್ಲಿ ಪಿತ್ತಕೋಶದ ಹರಳಿಗೆ ಬಂದಿದ್ದ ಹೆಣ್ಣುಮಗಳೊಬ್ಬರಿಗೆ ನಾನು ಐ-ಜೆಲ್ ಹಾಕಿದ್ದೆ. ‘ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ರಿ ಸರ್’ ಎಂದು ಆಕೆ ಹೇಳಿದ್ದರು, ಅದು ನಿಜವೂ ಆಗಿತ್ತು. ಗಾಳಿ ತುಂಬಿ ಹತ್ತು ನಿಮಿಷವಾಗುವಷ್ಟರಲ್ಲಿ ಜಠರದ ದಾರಿಯಿಂದ ಹಾಲು ಬೆರೆತ ಕಂದು ದ್ರವ ಮೇಲೆ ಬಂತು. ಗಾಳಿಯನ್ನು ಬಿಡಿಸಿ, ತಲೆ ತಗ್ಗಿಸಿ, ಸಕ್ಷನ್ ಮಾಡಿ, ಟ್ಯೂಬಿಗೆ ಬದಲಿಸಿದೆವು. ಸಾಧನದಲ್ಲಿ ಜಠರದ ಪ್ರತ್ಯೇಕ ದಾರಿ ಇದ್ದುದರಿಂದ ದ್ರವ ಶ್ವಾಸಕೋಶಕ್ಕೆ ಇಳಿಯಲಿಲ್ಲ, ಆಕೆ ಮೂರನೆಯ ದಿನ ಮನೆಗೆ ಹೋದರು. ತಪ್ಪು ನನ್ನದೇ ಆಗಿತ್ತು. ತಿಂದಿರಾ ಎಂದು ಕೇಳಿದ್ದೆನೇ ಹೊರತು ಕುಡಿದಿರಾ ಎಂದು ಕೇಳಿರಲಿಲ್ಲ.

ಅಂದಿನಿಂದ ನಾನು ಟೇಬಲ್ ಮೇಲೆ ಮಲಗಿಸುವ ಮುನ್ನ, ರೋಗಿಯ ಮಾತಿನಲ್ಲಿಯೇ, ಒಂದೊಂದನ್ನೂ ಹೆಸರಿಸಿ ಕೇಳುತ್ತೇನೆ: ‘ಮುಂಜಾನೆ ಎದ್ದಮ್ಯಾಲ ಏನೇನ್ ಕುಡದೀರಿ ಯವ್ವಾ? ಚಾ? ಹಾಲು? ಮಜ್ಜಿಗಿ? ಗುಳಿಗಿ ನುಂಗಾಕ ಎಷ್ಟು ನೀರು?’ ಹಾಲು ಹಾಕಿದ ಚಹಾವಾಗಲಿ ಮಜ್ಜಿಗೆಯಾಗಲಿ ತಿಳಿ ದ್ರವವಲ್ಲ. ಜೊತೆಗೆ ಬಂದ ಮನೆಯವರನ್ನೂ ಬೇರೆಯಾಗಿ ಕೇಳುವುದು ಒಳ್ಳೆಯದು. ರೋಗಿ ಮರೆತದ್ದು ಸೊಸೆಗೆ ನೆನಪಿರುತ್ತದೆ.

ಉಪವಾಸ ಸರಿಯಾಗಿದ್ದರೂ ಹೊಟ್ಟೆ ಖಾಲಿಯಿಲ್ಲದವರು ಹಲವರಿದ್ದಾರೆ. ಬಹುಕಾಲದ ಸಕ್ಕರೆ ಕಾಯಿಲೆಯವರು, ಎದೆಯುರಿ ಮತ್ತು ಹುಳಿತೇಗು ದಿನವೂ ಇರುವವರು, ಹಿಂದೆ ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ಕರುಳು ಕಟ್ಟಿಕೊಂಡವರು, ನೋವಿನಲ್ಲಿ ನರಳುತ್ತಾ ತುರ್ತಾಗಿ ಬಂದ ಅಪೆಂಡಿಕ್ಸ್ ರೋಗಿಗಳು ಈ ಗುಂಪಿಗೆ ಸೇರುತ್ತಾರೆ. ತೂಕ ಇಳಿಸಲೆಂದೋ ಸಕ್ಕರೆಗೆಂದೋ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ತೆಗೆದುಕೊಳ್ಳುವವರು ಈಚೆಗೆ ಇದಕ್ಕೆ ಸೇರಿಕೊಂಡಿದ್ದಾರೆ. ಆ ಔಷಧಿ ಜಠರ ಖಾಲಿಯಾಗುವುದನ್ನು ತಡಮಾಡುತ್ತದೆ, ರೋಗಿಗಳು ಅದನ್ನು ತಾವಾಗಿ ಹೇಳುವುದೂ ಇಲ್ಲ. ಇವರಿಗೆಲ್ಲ ಎರಡನೆಯ ಯೋಚನೆ ಬೇಡ, ಟ್ಯೂಬೇ ಸರಿ. ಬ್ರಿಟನ್ನಿನಲ್ಲಿ 2011ರಲ್ಲಿ ಪ್ರಕಟವಾದ 4ನೆಯ ರಾಷ್ಟ್ರೀಯ ಸಮೀಕ್ಷೆಯು ಅರಿವಳಿಕೆಯಲ್ಲಿ ಶ್ವಾಸಮಾರ್ಗದ ತೊಂದರೆಯಿಂದಾದ ಸಾವುಗಳಿಗೆ ಹೊಟ್ಟೆಯ ದ್ರವ ಶ್ವಾಸಕೋಶ ಸೇರುವುದೇ ಅತಿ ಸಾಮಾನ್ಯ ಕಾರಣವೆಂದು ಕಂಡುಕೊಂಡಿತು. ಅಪಾಯವಿರುವ ರೋಗಿಯಲ್ಲಿ ಟ್ಯೂಬನ್ನು ಬಿಟ್ಟು ಬೇರೆ ಸಾಧನ ಆರಿಸಿಕೊಂಡ ಪ್ರಸಂಗಗಳು ಅದರಲ್ಲಿ ದಾಖಲಾಗಿವೆ.

ಬಾಯಿಯ ಪರೀಕ್ಷೆ

ಶೇಷಗಿರಿ ಮಲ್ಲಂಪಾಟಿ ಅವರು 1985ರಲ್ಲಿ ಕೊಟ್ಟ, ಬಾಯಿ ತೆರೆಸಿ ಗಂಟಲು ಎಷ್ಟು ಕಾಣುತ್ತದೆಂದು ಗುರುತಿಸುವ ಪರೀಕ್ಷೆಯನ್ನು, ಕತ್ತಿನ ಚಲನೆಯನ್ನು, ಗದ್ದದಿಂದ ಗಂಟಲ ಮಣಿಯವರೆಗಿನ ಅಂತರವನ್ನು ನೋಡುವುದು ಎಲ್ಲೆಡೆಯ ಕ್ರಮ. ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದನ್ನು ಸೇರಿಸಲೇಬೇಕು. ಗುಟ್ಕಾ, ತಂಬಾಕು, ಅಡಿಕೆಯನ್ನು ವರ್ಷಗಟ್ಟಲೆ ಅಗಿದವರ ಕೆನ್ನೆಯ ಒಳಪೊರೆ ಬಿಗಿದು ಬಾಯಿ ತೆರೆಯುವುದೇ ಕಡಿಮೆಯಾಗಿರುತ್ತದೆ. ಇಪ್ಪತ್ತೈದರ ಹರೆಯದ ಆಟೋ ಚಾಲಕನೂ ಈ ಸ್ಥಿತಿಯಲ್ಲಿ ಬರುತ್ತಾನೆ, ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಮೂರು ಬೆರಳು ಹಿಡಿಯುವಷ್ಟು ಬಾಯಿ ತೆರೆದರೆ ನಿಶ್ಚಿಂತೆ, ಎರಡು ಬೆರಳಿಗೂ ತೆರೆಯದಿದ್ದರೆ ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪೂ ಕಷ್ಟ, ಐ-ಜೆಲ್ ಕೂಡ ಕಷ್ಟ. ಟ್ಯೂಬು ಹೋಗದಿದ್ದರೆ ಐ-ಜೆಲ್ ಇದೆಯಲ್ಲ ಎಂಬ ನಮ್ಮ ಎಂದಿನ ಧೈರ್ಯ ಇಂಥ ರೋಗಿಯ ಮುಂದೆ ಕೆಲಸಕ್ಕೆ ಬರುವುದಿಲ್ಲ. ಅವರಿಗೆ ಎಚ್ಚರದಲ್ಲಿಯೇ ಮೂಗಿನ ಮೂಲಕ ಫೈಬರ್ ಆಪ್ಟಿಕ್ ಸ್ಕೋಪ್ ಬಳಸಿ ಟ್ಯೂಬ್ ಹಾಕಬೇಕಾಗುತ್ತದೆ. ಆ ಸೌಲಭ್ಯ ಇಲ್ಲದ ಕಡೆ, ತುರ್ತಲ್ಲದ ಶಸ್ತ್ರಚಿಕಿತ್ಸೆಯಾದರೆ, ರೋಗಿಯನ್ನು ಹುಬ್ಬಳ್ಳಿಗೆ ಕಳಿಸಿಬಿಡಿ. ಗದಗದಿಂದ 60 ಕಿ.ಮೀ.ನಷ್ಟು ದಾರಿಯನ್ನು ರೋಗಿ ಹಗಲಿನಲ್ಲಿ ಬಸ್ಸಿನಲ್ಲಿ ಕೂತು ಹೋಗುವುದು, ಅರ್ಧ ರಾತ್ರಿಯಲ್ಲಿ ಆ್ಯಂಬುಲೆನ್ಸಿನಲ್ಲಿ ಆಮ್ಲಜನಕ ಹಿಡಿದು ಹೋಗುವುದಕ್ಕಿಂತ ಎಷ್ಟೋ ಮೇಲು.

ವಯಸ್ಸಾದವರ ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲುಗಳನ್ನು ಕೇಳಿ ಬರೆದಿಟ್ಟುಕೊಳ್ಳಿ.

ಯಾವ ಸಾಧನ ಎಷ್ಟು ತಡೆಯುತ್ತದೆ

ಡಾ. ಆರ್ಚಿ ಬ್ರೇನ್ ಅವರು 1981ರಲ್ಲಿ ರೂಪಿಸಿದ ಮೊದಲ ತಲೆಮಾರಿನ ಎಲ್‌ಎಂಎ, ಅಂದರೆ ಗಂಟಲಲ್ಲಿ ಕೂರುವ ಲ್ಯಾರಿಂಜಿಯಲ್ ಮಾಸ್ಕಿನ ಕ್ಲಾಸಿಕ್ ಮಾದರಿ, ಸುಮಾರು 20 ಸೆಂ.ಮೀ. ಒತ್ತಡಕ್ಕೆ ಸೋರತೊಡಗುತ್ತದೆ, ಅದರಲ್ಲಿ ಜಠರಕ್ಕೆ ಬೇರೆ ದಾರಿಯೂ ಇಲ್ಲ. ಸೋರಿದ ಗಾಳಿ ಜಠರವನ್ನು ಉಬ್ಬಿಸುತ್ತದೆ. ಉಬ್ಬಿದ ಜಠರ ಶಸ್ತ್ರಚಿಕಿತ್ಸಕರ ನೋಟಕ್ಕೆ ಅಡ್ಡ ಬರುವುದಲ್ಲದೆ ಹೊಟ್ಟೆಗೆ ರಂಧ್ರ ಮಾಡುವ ಮೊದಲ ಟ್ರೋಕಾರ್ ಚುಚ್ಚುವಾಗ ಗಾಯವಾಗುವ ಭಯವನ್ನೂ ತರುತ್ತದೆ. ಗಾಳಿ ತುಂಬುವ ಯಾವ ಶಸ್ತ್ರಚಿಕಿತ್ಸೆಗೂ ಇದನ್ನು ಬಳಸಬೇಡಿ, ಅದೊಂದೇ ಡ್ರಾಯರಿನಲ್ಲಿದ್ದರೆ ಟ್ಯೂಬ್ ಹಾಕಿ.

ಎರಡನೆಯ ತಲೆಮಾರಿನವು ಬೇರೆ. 2000ನೆಯ ಇಸವಿಯಲ್ಲಿ ಬಂದ ಪ್ರೋಸೀಲ್ ಸರಿಯಾಗಿ ಕೂತರೆ 30 ಸೆಂ.ಮೀ. ಸುತ್ತಮುತ್ತಲ ಒತ್ತಡವನ್ನು ತಡೆಯುತ್ತದೆ, ಜಠರದ ಕೊಳವೆಗೆ ದಾರಿ ಇದೆ. ಗಾಳಿ ತುಂಬುವ ಕಫ್ ಇಲ್ಲದ ಐ-ಜೆಲ್ ಹಾಕುವುದು ಸುಲಭ, ಕಲಿಯುವುದೂ ಸುಲಭ. ತಡೆಯುವ ಒತ್ತಡ ಹೆಚ್ಚಿನವರಲ್ಲಿ 24ರಿಂದ 28ರಷ್ಟಿರುತ್ತದೆ, ಮೈಯ ಬಿಸಿಗೆ ಅದು ಗಂಟಲಿನ ಆಕಾರಕ್ಕೆ ಹೊಂದಿಕೊಂಡಂತೆ ಕೆಲವೊಮ್ಮೆ ತುಸು ಸುಧಾರಿಸುತ್ತದೆ. ಸುಪ್ರೀಂ ಎಂಬ ಇನ್ನೊಂದು ಸಾಧನ ಇವೆರಡರ ನಡುವಿನದು. ನಮ್ಮ ಕಡೆ ಐ-ಜೆಲ್ಲೇ ಹೆಚ್ಚು ಸಿಗುವುದರಿಂದ ಅದರ ಅಳತೆ ನೆನಪಿರಲಿ: 30ರಿಂದ 60 ಕೆ.ಜಿ.ಗೆ 3ನೆಯ ಸಂಖ್ಯೆ, 50ರಿಂದ 90 ಕೆ.ಜಿ.ಗೆ 4, ಅದಕ್ಕೂ ಮೇಲಿನವರಿಗೆ 5. ಐವತ್ತರಿಂದ ಅರವತ್ತು ಕೆ.ಜಿ.ಯ ನಡುವಿನ ಹೆಣ್ಣುಮಕ್ಕಳೇ ನಮ್ಮಲ್ಲಿ ಪಿತ್ತಕೋಶದ ಹರಳಿಗೆ ಹೆಚ್ಚು ಬರುತ್ತಾರೆ, ಅವರಿಗೆ ಎರಡು ಸಂಖ್ಯೆಗಳೂ ಅನ್ವಯಿಸುತ್ತವೆ. ಬಾಯಿಯ ಅಗಲ ನೋಡಿ ನಿರ್ಧರಿಸಿ, ಎರಡನ್ನೂ ಟ್ರಾಲಿಯ ಮೇಲೆ ಇಟ್ಟುಕೊಳ್ಳಿ. 3 ಮತ್ತು 4ರೊಳಗೆ 12 ಫ್ರೆಂಚ್ (ಕೊಳವೆಯ ದಪ್ಪದ ಅಳತೆ) ಜಠರ ಕೊಳವೆ ಹೋಗುತ್ತದೆ, ಅದಕ್ಕಿಂತ ದಪ್ಪದ್ದು ಹೋಗುವುದಿಲ್ಲ. ಪ್ರೋಸೀಲ್‌ನ ಅದೇ ಸಂಖ್ಯೆಗಳಲ್ಲಿ 16 ಫ್ರೆಂಚ್ ಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಐ-ಜೆಲ್ ಒಮ್ಮೆ ಬಳಸಿ ಬಿಸಾಡಬೇಕಾದ ಸಾಧನ. ಅದನ್ನು ತೊಳೆದು, ದ್ರಾವಣದಲ್ಲಿ ಅದ್ದಿಟ್ಟು, ಮರುದಿನ ಇನ್ನೊಬ್ಬರ ಬಾಯಿಗೆ ಇಡುವ ರೂಢಿ ಸಣ್ಣ ಊರುಗಳಲ್ಲಿ ಇದೆ, ಅದು ನಿಲ್ಲಬೇಕು. ಖರ್ಚಿನ ಪ್ರಶ್ನೆಯಿದ್ದರೆ ಮರುಬಳಕೆಗೆಂದೇ ತಯಾರಾದ ಪ್ರೋಸೀಲ್ ಕೊಳ್ಳಿ. ಅದನ್ನು ಚೆನ್ನಾಗಿ ತೊಳೆದು, ಕಫ್‌ನ ಗಾಳಿಯನ್ನು ಪೂರ್ತಿ ತೆಗೆದು, ಆಟೋಕ್ಲೇವ್ ಮಾಡಿ 40 ಸಲ ಬಳಸಬಹುದು. ಎಷ್ಟನೆಯ ಸಲವೆಂದು ಗುರುತು ಹಾಕುವ ಕಾರ್ಡನ್ನು ಅದರ ಜೊತೆಯಲ್ಲೇ ಇಡಬೇಕು.

ಟ್ಯೂಬಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೆಂಗಸರಿಗೆ 7 ಅಥವಾ 7.5, ಗಂಡಸರಿಗೆ 8 ಅಥವಾ 8.5, ಆಳ ಹಲ್ಲಿನ ಬಳಿ ಕ್ರಮವಾಗಿ 21 ಮತ್ತು 23 ಸೆಂ.ಮೀ. ನಮ್ಮ ಗಿಡ್ಡ ಕಾಯದ ರೋಗಿಗಳಲ್ಲಿ ಈ ಆಳವೂ ಕೆಲವೊಮ್ಮೆ ಜಾಸ್ತಿಯಾಗುತ್ತದೆ, ಆದ್ದರಿಂದ ಅಂಕಿಯನ್ನಷ್ಟೇ ನಂಬದೆ ಎರಡೂ ಕಡೆ ಸ್ಟೆತೋಸ್ಕೋಪ್ ಇಟ್ಟು ಕೇಳಿ.

ಹಾಗಾದರೆ ಯಾರಿಗೆ ಯಾವುದು

ತೂಕ ಹದವಾಗಿರುವ, ಹೊಟ್ಟೆ ಖಾಲಿಯಿರುವ, ಎದೆಯುರಿ ಇಲ್ಲದ ರೋಗಿಗೆ, ಒಂದು ತಾಸಿನ ಆಸುಪಾಸಿನಲ್ಲಿ ಮುಗಿಯುವ ಯೋಜಿತ ಶಸ್ತ್ರಚಿಕಿತ್ಸೆಗೆ, ಕೈ ಪಳಗಿದ ಸರ್ಜನ್ ಇದ್ದಾಗ ಎರಡನೆಯ ತಲೆಮಾರಿನ ಸಾಧನ ಒಳ್ಳೆಯ ಆಯ್ಕೆ. ಗಂಟಲು ನೋವು ಕಡಿಮೆ, ಹಾಕುವಾಗ ಮತ್ತು ತೆಗೆಯುವಾಗ ರಕ್ತದೊತ್ತಡ ಜಿಗಿಯುವುದು ಕಡಿಮೆ, ಎಚ್ಚರವಾಗುವಾಗ ಕೆಮ್ಮು ಕಡಿಮೆ. ರೋಗನಿರ್ಣಯಕ್ಕಾಗಿ ಮಾಡುವ ಲ್ಯಾಪ್ರೋಸ್ಕೋಪಿ, ಅಂಡಾಶಯದ ಸಣ್ಣ ಗಡ್ಡೆ, ಸರಳ ಪಿತ್ತಕೋಶ ಇವಕ್ಕೆ ನಾನು ಅದನ್ನು ಬಳಸುತ್ತೇನೆ.

ದೇಹತೂಕದ ಸೂಚ್ಯಂಕ 30 ದಾಟಿದವರಲ್ಲಿ ಹಿಂಜರಿಯುತ್ತೇನೆ, 35 ದಾಟಿದವರಲ್ಲಿ ಹಾಕುವುದೇ ಇಲ್ಲ. ಗರ್ಭಕೋಶವನ್ನು ತೆಗೆಯುವಂಥ, ತಲೆ ತಗ್ಗಿಸಿ ಎರಡು-ಮೂರು ತಾಸು ನಡೆಯುವ ಕೆಲಸಕ್ಕೂ ಟ್ಯೂಬನ್ನೇ ಹಾಕುತ್ತೇನೆ. ಪಿತ್ತಕೋಶವೇ ಆದರೂ ಕೀವು ತುಂಬಿ ಅಂಟಿಕೊಂಡಿರಬಹುದೆಂದು ಸ್ಕ್ಯಾನಿಂಗ್ ವರದಿ ಹೇಳಿದರೆ ಅದು ಸರಳ ಪಿತ್ತಕೋಶವಲ್ಲ, ಹೊಟ್ಟೆ ತೆರೆಯಬೇಕಾಗಿಯೂ ಬರಬಹುದು. ಶಸ್ತ್ರಚಿಕಿತ್ಸಕರನ್ನು ಮೊದಲೇ ಕೇಳಿ: ಎಷ್ಟು ಹೊತ್ತು, ತಲೆ ಮೇಲೋ ಕೆಳಗೋ, ಮಾನಿಟರ್ ಎಲ್ಲಿ ನಿಲ್ಲುತ್ತದೆ? ಪರದೆಯ ಸ್ಟ್ಯಾಂಡು ರೋಗಿಯ ಭುಜದ ಬಳಿ ಬಂದು ನಿಂತ ಮೇಲೆ ಬಾಯಿಯ ಬಳಿ ಕೈ ಹಾಕಲು ಜಾಗವೇ ಉಳಿಯದ ಓ.ಟಿ.ಗಳು ನಮ್ಮಲ್ಲಿ ಕಡಿಮೆಯಿಲ್ಲ. ಬದಲಿಸಲು ಜಾಗವಿಲ್ಲದ ಕಡೆ ಬದಲಿಸಬೇಕಾಗಿ ಬರಬಹುದಾದ ಸಾಧನವನ್ನು ಇಡಬಾರದು.

ಇಟ್ಟ ಮೇಲೆ ಪರೀಕ್ಷಿಸುವುದು

ನನ್ನ ಅನುಭವದಲ್ಲಿ ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ಎದೆ ಏರಿತು, ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್ ಗೆರೆ ಬಂತು ಎಂದ ಕೂಡಲೇ ಟೇಪು ಹಚ್ಚಿಬಿಡುತ್ತಾರೆ. ಆ ಗೆರೆ ಬರಲೇಬೇಕು, ಅದಿಲ್ಲದೆ ಯಾವ ಸಾಧನವನ್ನೂ ನಂಬುವಂತಿಲ್ಲ. ಆದರೆ ಲ್ಯಾಪ್ರೋಸ್ಕೋಪಿಗೆ ಅಷ್ಟೇ ಸಾಲದು.

ಮೊದಲು ಸೋರುವ ಒತ್ತಡವನ್ನು ಅಳೆಯಿರಿ. ಯಂತ್ರವನ್ನು ಕೈ-ಚೀಲಕ್ಕೆ ತಿರುಗಿಸಿ, ಅನಿಲದ ಹರಿವನ್ನು ನಿಮಿಷಕ್ಕೆ 3 ಲೀಟರಿಗೆ ಇಟ್ಟು, ಒತ್ತಡ ಬಿಡುವ ವಾಲ್ವನ್ನು ಮುಚ್ಚಿ ಮುಳ್ಳನ್ನು ನೋಡುತ್ತಿರಿ. ಮುಳ್ಳು ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ, ಬಾಯಿಯಲ್ಲಿ ಸುಯ್ ಎಂಬ ಸದ್ದು ಕೇಳುತ್ತದೆ. ಅದೇ ಆ ಸಾಧನ ತಡೆಯುವ ಮಿತಿ. ಮುಳ್ಳು 40 ಮುಟ್ಟಲು ಬಿಡದೆ ವಾಲ್ವನ್ನು ತೆರೆಯಿರಿ. ಈ ಅಂಕಿ, ಗಾಳಿ ತುಂಬಿದ ಮೇಲೆ ನೀವು ನಿರೀಕ್ಷಿಸುವ ಗರಿಷ್ಠ ಒತ್ತಡಕ್ಕಿಂತ 5ರಿಂದ 8 ಸೆಂ.ಮೀ. ಹೆಚ್ಚಿರಬೇಕು. ಉದಾಹರಣೆಗೆ 55 ಕೆ.ಜಿ.ಯ ರೋಗಿಗೆ ಈಗ ಒತ್ತಡ 14 ಇದೆ, ಗಾಳಿ ತುಂಬಿದ ಮೇಲೆ 22 ಆಗಬಹುದೆಂದುಕೊಳ್ಳಿ. ಸೋರುವ ಒತ್ತಡ 30 ಬಂದರೆ ಮುಂದುವರಿಯಿರಿ. 24 ಬಂದರೆ ಸಾಲದು: ತುಸು ಒಳಕ್ಕೆ ಒತ್ತಿ, ಗದ್ದ ಎತ್ತಿ ನೋಡಿ, ಇಲ್ಲವೇ ಮುಂದಿನ ಸಂಖ್ಯೆ ಹಾಕಿ, ಆಗಲೂ ಏರದಿದ್ದರೆ ಟ್ಯೂಬ್ ಹಾಕಿ.

ಆಮೇಲೆ ಜಠರದ ದಾರಿಯ ಬಾಯಿಗೆ ಒಂದು ತೊಟ್ಟು ಜೆಲ್ಲಿ ಹಚ್ಚಿ. ಉಸಿರು ಕೊಟ್ಟಾಗಲೆಲ್ಲ ಅದು ಗುಳ್ಳೆಯಾಗಿ ಉಬ್ಬಿದರೆ ಸಾಧನದ ತುದಿ ಅನ್ನನಾಳದ ಬಾಯಿಗೆ ಕೂತಿಲ್ಲ. ಎದೆಮೂಳೆಯ ಮೇಲಿನ ಗುಳಿಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿದಾಗ ಜೆಲ್ಲಿ ಅದಕ್ಕೆ ತಕ್ಕಂತೆ ಅಲುಗಿದರೆ ಸರಿಯಾಗಿ ಕೂತಿದೆ ಎಂದರ್ಥ. ಕೊನೆಗೆ ಜಠರದ ಕೊಳವೆಯನ್ನು ಇಳಿಸಿ. ಅದು ತಡೆಯಿಲ್ಲದೆ ಹೋದರೆ ಜಾಗ ಸರಿಯಾಗಿರುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ; ಹೋಗದಿದ್ದರೆ ಒತ್ತಾಯ ಮಾಡದೆ ಸಾಧನವನ್ನೇ ತೆಗೆದು ಮತ್ತೆ ಇಡಿ. ಟ್ಯೂಬ್ ಹಾಕಿದ್ದರೂ ಮೊದಲ ಟ್ರೋಕಾರಿಗೆ ಮುನ್ನ ಬಾಯಿಯ ಮೂಲಕ ಕೊಳವೆ ಇಳಿಸಿ ಜಠರವನ್ನು ಖಾಲಿ ಮಾಡಬೇಕು. ಮಾಸ್ಕಿನಿಂದ ಉಸಿರು ಕೊಡುವಾಗಲೇ ಒತ್ತಡವನ್ನು 15-20ರೊಳಗೆ ಇಟ್ಟಿದ್ದರೆ ಜಠರಕ್ಕೆ ಹೋಗುವ ಗಾಳಿಯೂ ಕಡಿಮೆ.

ಗಾಳಿ ತುಂಬುವಾಗ ಮತ್ತು ಆಮೇಲೆ

ಸ್ನಾಯುಗಳು ಪೂರ್ತಿ ಸಡಿಲವಾಗಿರಲಿ. ಅರೆಸಡಿಲವಾದ ರೋಗಿ ಕೆಮ್ಮಿದ ಕ್ಷಣದಲ್ಲಿ ಐ-ಜೆಲ್ ಜಾಗ ತಪ್ಪುತ್ತದೆ. ಒಂದು ಉಸಿರಿಗೆ ಆದರ್ಶ ತೂಕದ ಪ್ರತಿ ಕೆ.ಜಿ.ಗೆ 6ರಿಂದ 8 ಮಿ.ಲೀ. ಇಟ್ಟು, ಇಂಗಾಲದ ಡೈಆಕ್ಸೈಡ್ ಏರಿದಾಗ ಉಸಿರಿನ ಗಾತ್ರವನ್ನಲ್ಲ, ಸಂಖ್ಯೆಯನ್ನು ಹೆಚ್ಚಿಸಿ. ಗಾತ್ರ ಹೆಚ್ಚಿಸಿದರೆ ಒತ್ತಡ ಸೋರುವ ಮಿತಿಯನ್ನು ಮುಟ್ಟುತ್ತದೆ. ಶಸ್ತ್ರಚಿಕಿತ್ಸಕರಿಗೆ ಪಾದರಸದ 15 ಮಿ.ಮೀ. ಬದಲು 12ರಲ್ಲಿ, ಸಾಧ್ಯವಾದರೆ 10ರಲ್ಲಿ ಕೆಲಸ ಮಾಡಲು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಟ್ಯೂಬ್ ಹಾಕಿದವರಿಗೂ ಒಂದು ಎಚ್ಚರಿಕೆ ಇದೆ. ವಪೆ ಮೇಲೆ ಸರಿದಾಗ ಶ್ವಾಸನಾಳ ಕವಲೊಡೆಯುವ ಜಾಗವೂ ಮೇಲೆ ಬರುತ್ತದೆ, ತಲೆ ತಗ್ಗಿಸಿದರೆ ಇನ್ನಷ್ಟು. ಮೊದಲು ಸರಿಯಿದ್ದ ಟ್ಯೂಬಿನ ತುದಿ ಹೀಗೆ ಬಲಗಡೆಯ ಕವಲಿಗೆ ಹೊಕ್ಕುಬಿಡುತ್ತದೆ. ಆಮ್ಲಜನಕದ ಮಟ್ಟ ಮೆಲ್ಲನೆ ಇಳಿದು ಒತ್ತಡ ಏರಿದರೆ ಮೊದಲು ಎಡಗಡೆಯ ಎದೆಯನ್ನು ಕೇಳಿ. ಗಾಳಿ ತುಂಬಿದ ಮೇಲೊಮ್ಮೆ, ಟೇಬಲ್ ಓರೆ ಮಾಡಿದ ಮೇಲೊಮ್ಮೆ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ನೈಟ್ರಸ್ ಆಕ್ಸೈಡ್ ಬಳಸಿದರೆ ಅದು ಟ್ಯೂಬಿನ ಕಫ್ಫಿನೊಳಗೆ ಸೇರಿ ಅಲ್ಲಿನ ಒತ್ತಡವನ್ನು ಏರಿಸುತ್ತದೆ, ಆ ಒತ್ತಡವನ್ನು ಅಳೆದು ನೀರಿನ 20ರಿಂದ 30 ಸೆಂ.ಮೀ.ಯೊಳಗೆ ಇಡಿ.

ಐ-ಜೆಲ್ ಇಟ್ಟಾಗ ಬಾಯಿಯ ಬಳಿ ಸೋರುವ ಸದ್ದು, ಒಳಹೋದ ಉಸಿರಿಗಿಂತ ಹೊರಬಂದದ್ದು ಕಡಿಮೆಯಾಗುವುದು, ಕ್ಯಾಪ್ನೋಗ್ರಾಫ್ ಗೆರೆಯ ಆಕಾರ ಕೆಡುವುದು, ಜಠರದ ದಾರಿಯಲ್ಲಿ ದ್ರವ ಕಾಣುವುದು, ಜಠರ ಉಬ್ಬಿದೆ ಎಂದು ಸರ್ಜನ್ ಹೇಳುವುದು ಇವುಗಳಲ್ಲಿ ಯಾವುದು ಕಂಡರೂ ಮೊದಲು ಗಾಳಿಯನ್ನು ಬಿಡಿಸಿ, ಟೇಬಲ್ ಸಮ ಮಾಡಿಸಿ, ಒಮ್ಮೆ ಸರಿಪಡಿಸಲು ನೋಡಿ. ಎರಡನೆಯ ಸಲಕ್ಕೆ ಟ್ಯೂಬಿಗೆ ಬದಲಿಸಿ. ಇದಕ್ಕಾಗಿ ಲ್ಯಾರಿಂಗೋಸ್ಕೋಪ್, ಬೂಜಿ (ಟ್ಯೂಬಿಗೆ ದಾರಿ ತೋರುವ ಸಣ್ಣ ಕಡ್ಡಿ), ಎರಡು ಅಳತೆಯ ಟ್ಯೂಬು, ಚಾಲೂ ಇರುವ ಸಕ್ಷನ್ ತಲೆಯ ಬಳಿಯೇ ಇರಬೇಕು, ಬೀರುವಿನಲ್ಲಲ್ಲ. ಟ್ಯೂಬ್ ಹೋಗದಿದ್ದರೆ ಎಷ್ಟು ಸಲ ಯತ್ನಿಸಬಹುದು ಎಂಬುದಕ್ಕೆ ಆಲ್ ಇಂಡಿಯಾ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರ ಮಾರ್ಗಸೂಚಿಯಲ್ಲಿ ಮಿತಿ ಹಾಕಿದೆ: ಟ್ಯೂಬಿಗೆ ಮೂರು, ಗಂಟಲ ಮೇಲಿನ ಸಾಧನಕ್ಕೆ ಎರಡು, ಅಷ್ಟೂ ಹೊತ್ತು ಮೂಗಿನಿಂದ ಆಮ್ಲಜನಕ. ಆ ಪಟವನ್ನು ಓ.ಟಿ. ಗೋಡೆಗೆ ಅಂಟಿಸಿ, ಸಿಸ್ಟರ್ ಮತ್ತು ಟೆಕ್ನಿಷಿಯನ್‌ಗೆ ಕನ್ನಡದಲ್ಲಿ ಓದಿ ವಿವರಿಸಿ. ಕೈ ನಡುಗುವ ಹೊತ್ತಿನಲ್ಲಿ ಲೆಕ್ಕ ಇಡುವವರು ಅವರೇ.

ತೆಗೆಯುವಾಗ

ಗಾಳಿ ಪೂರ್ತಿ ಬಿಟ್ಟ ಮೇಲೆ, ಜಠರವನ್ನು ಇನ್ನೊಮ್ಮೆ ಎಳೆದು ಖಾಲಿ ಮಾಡಿ, ಸ್ನಾಯುಗಳ ಬಲ ಮರಳಿದ್ದನ್ನು ನರ ಪ್ರಚೋದಕ ಯಂತ್ರ ಇದ್ದರೆ ಅದರಿಂದ, ಇಲ್ಲದಿದ್ದರೆ ಕನಿಷ್ಠ ಐದು ಸೆಕೆಂಡು ತಲೆ ಎತ್ತಿ ಹಿಡಿಯಬಲ್ಲರೇ ಎಂದು ನೋಡಿ, ಹೇಳಿದ ಮಾತು ಕೇಳಿ ಬಾಯಿ ತೆರೆದಾಗಲೇ ಸಾಧನ ತೆಗೆಯಿರಿ. ತೆಗೆದ ಐ-ಜೆಲ್‌ನ ತುದಿಯಲ್ಲಿ ರಕ್ತವಿದೆಯೇ, ಹಳದಿ ದ್ರವವಿದೆಯೇ ಎಂದು ನೋಡಿ ಬರೆದುಕೊಳ್ಳಿ.

ಬಾಯಿ ತೆರೆಯುವುದು ಕಷ್ಟವಾಗಿದ್ದರೆ, ಟ್ಯೂಬ್ ಹಾಕಲು ಬೂಜಿಯೋ ವಿಡಿಯೋ ಲ್ಯಾರಿಂಗೋಸ್ಕೋಪೋ ಬೇಕಾಗಿದ್ದರೆ, ಅದನ್ನು ಕೇಸ್ ಶೀಟಿನಲ್ಲಿ ಬರೆದರೆ ಮುಂದಿನವರಿಗೆ ತಲುಪುವುದಿಲ್ಲ. ನಮ್ಮ ರೋಗಿಗಳು ಇಸವಿ ಹಳೆಯದಾದರೂ ಆಸ್ಪತ್ರೆಯ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು ಬರುತ್ತಾರೆ. ಯಾವ ಸಾಧನ, ಯಾವ ಸಂಖ್ಯೆ, ಎಷ್ಟನೆಯ ಯತ್ನ, ಸೋರುವ ಒತ್ತಡ ಎಷ್ಟಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ‘ಮುಂದಿನ ಸಲ ಅರಿವಳಿಕೆ ಕೊಡುವ ಡಾಕ್ಟರಿಗೆ ಇದನ್ನು ಮೊದಲು ತೋರಿಸಿ’ ಎಂದು ಸೇರಿಸಿ, ಆ ಚೀಲದೊಳಗೆ ನೀವೇ ಇಟ್ಟು ಕೊಡಿ.